ಹಕಾರವಿಲ್ಲದ ಓನರಮ್ಮ

ಓನರಮ್ಮ ಹೋದ ಸುದ್ದಿ ಬಂದಾಗ ನಾನು ಹೆಬ್ಬಾಳದ ಫ್ಲೈಓವರ್ ಮೇಲೆ ಟ್ಯಾಕ್ಸಿಯಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಪಕ್ಕದಲ್ಲಿ ಅದೇ ವಾರ ಕೊರಿಯಾದಿಂದ ಬಂದಿಳಿದಿದ್ದ ಒಬ್ಬ ಎಂಜಿನಿಯರ್. ಗಾಡಿಗಳು ಕದಲುವ ಲಕ್ಷಣ ಕಾಣದ್ದರಿಂದ ಅವನಿಗೆ ಹಾಲು, ಹಣ್ಣು, ಹೂವು ಹೇಳಿಕೊಡುತ್ತಿದ್ದೆ. ಫೋನಿನಲ್ಲಿ ಓನರಮ್ಮನ ಮಗಳು. "ಅಕ್ಕ, ಅಮ್ಮ ಓಗ್ಬುಟ್ರು. ಬೆಳಿಗ್ಗೆ ಆಲು ಕರೆದ್ರು, ಕಾಫಿ ಕುಡಿದ್ರು, ಜಗ್ಲಿ ಮೇಲೆ ಕೂತೋರು ಕೂತಂಗೇ ಓಗ್ಬುಟ್ರು," ಎಂದಳು. ನಾನು ಫೋನಿಟ್ಟೆ. ಕೊರಿಯಾದವನು ಪಾಪ, ಪಾಠ ನಿಂತಿತೆಂದು ತಾನೇ ಮುಂದುವರಿಸಿದ. ಹಾಲು, ಹಣ್ಣು, ಹೂವು. ಹಕಾರ ಎಷ್ಟು ಚೊಕ್ಕವಾಗಿತ್ತೆಂದರೆ ನನಗೆ ಸಿಟ್ಟು ಬಂತು.

ಸಿಟ್ಟು ಯಾಕೆಂದು ಹೇಳಬೇಕಾದರೆ ಓನರಮ್ಮನ ಬಗ್ಗೆ ಹೇಳಬೇಕು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. "ನನ್ನೆಸ್ರು ನಿಂಗ್ಯಾಕವ್ವ, ರೇಸನ್ ಅಂಗ್ಡಿ ಇಟ್ಟಿದ್ದೀಯಾ?" ಎಂದು ಬದುಕಿದ್ದಾಗಲೇ ಗದರಿದವರು. ಹಕಾರದಿಂದ ಶುರುವಾಗುವ ಹೆಸರು ಎಂದಷ್ಟೇ ಹೇಳಬಲ್ಲೆ. ಆದರೆ ಆ ಹ ಇದ್ದದ್ದು ಆಧಾರ್ ಕಾರ್ಡಿನಲ್ಲಿ ಮಾತ್ರ. ಅಟ್ಟೂರಿನಲ್ಲಿ ಒಂದು ಕಾಲಕ್ಕೆ ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈಗ ಅವರದೊಂದು ಎರಡಂತಸ್ತಿನ ಮನೆ. ಕೆಳಗೆ ಅವರು ಮತ್ತು ಮಗಳ ಸಂಸಾರ, ಮೇಲೆ ಬಾಡಿಗೆಯವರು, ಹಿತ್ತಲಲ್ಲಿ ಒಂದು ಸೀಬೆ ಮರ, ಒಂದು ಹಸು. ವರ್ಷವಿಡೀ ಬೆಳಗಿನ ಹೊತ್ತು ಸೀರೆಯ ಮೇಲೆ ಗಂಡನ ಹಳೆಯ ಸ್ವೆಟರ್ ಹಾಕಿಕೊಂಡು ಹಸುವಿನ ಜೊತೆ ಜಗಳ ಕಾಯುತ್ತಿದ್ದರು.

ಕಾಲಿಂಗ್ ಬೆಲ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಕರೆಂಟ್ ಇಲ್ದಾಗ ಮನುಸ್ರು ಬರಲ್ವಾ?" ಎನ್ನುವರು. ಮೇಲಿನ ಮನೆಯವರನ್ನು ಕರೆಯಬೇಕಾದರೆ ಕೈಯಲ್ಲಿದ್ದ ಸ್ಟೀಲ್ ಲೋಟದಿಂದ ಮೆಟ್ಟಿಲಿನ ಕಬ್ಬಿಣದ ಕಂಬಿಗೆ ಟಣಟಣ ಬಾರಿಸುತ್ತಾ ಹತ್ತುವರು. ಬಾರಿಸಿದ ಮೇಲೆ ಬಾಗಿಲು ತಟ್ಟುವುದೇನು ಬಂತು, ನೇರ ಒಳಗೆ. ಫ್ರಿಜ್ಜಿನಲ್ಲಿ ಏನಿದೆ, ಕಸದ ಬುಟ್ಟಿಯಲ್ಲಿ ಏನಿದೆ, ಎಲ್ಲ ನೋಡಿಯೇ ಕೂರುವುದು. ಬಾಡಿಗೆಯವರಲ್ಲಿ ಕೆಲವರಿಗೆ ಇದರಿಂದ ಮೈ ಉರಿಯುತ್ತಿತ್ತು. ಅಲ್ಲಿಗೆ ಬಾಡಿಗೆಯವರನ್ನು ಕರೆತಂದ ನನಗೂ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ಕೆಲಸ ಏನೆಂದರೆ ನಮ್ಮ ನೆಂಟರು ಈಗಲೂ ನಂಬುವುದಿಲ್ಲ. ಆರ್.ಟಿ. ನಗರದಲ್ಲಿ ನಮ್ಮದೊಂದು ಸಣ್ಣ ಆಫೀಸು. ಹೊರದೇಶಗಳಿಂದ ಕೆಲಸಕ್ಕೆಂದು ಇಲ್ಲಿಗೆ ಬರುವವರಿಗೆ ಮನೆ ಹುಡುಕಿ, ಗ್ಯಾಸ್ ಹಾಕಿಸಿ, ಕಾಗದಪತ್ರ ಮಾಡಿಸಿ, ಈ ಬಿಸಿಲು, ಈ ಮಳೆ, ಈ ಸೊಳ್ಳೆಗಳ ನಡುವೆ ಬದುಕುವುದು ಹೇಗೆಂದು ಹೇಳಿಕೊಡುವುದು. ಅದಕ್ಕಾಗಿ ನಾನೊಂದು ನಲವತ್ತು ಪುಟದ ಕೈಪಿಡಿ ಬರೆದಿದ್ದೆ. ಕೊನೆಗೆ ಒಂದಿಷ್ಟು ಕನ್ನಡ ಪದಗಳು, ಅವುಗಳ ಅರ್ಥ. ಅದರ ಬಗ್ಗೆ ನನಗೆ ವಿಪರೀತ ಹೆಮ್ಮೆ. ಆದರೆ ಆ ಕೈಪಿಡಿ ಕೈಯಲ್ಲಿ ಹಿಡಿದುಕೊಂಡೇ ಇಬ್ಬರು ಒಂದೂವರೆ ತಿಂಗಳೊಳಗೆ ಗಂಟುಮೂಟೆ ಕಟ್ಟಿ ವಾಪಸ್ ಹೋಗಿದ್ದರು. ಬಾಸು ನನ್ನನ್ನು ಕರೆದು, "ಹೇಮಾ, ಇದು ಮೂರ್ನೇದು. ಇವ್ರೂ ನಿಲ್ಲಲಿಲ್ಲ ಅಂದ್ರೆ ನಾವು ಬೇರೆ ಥರ ಯೋಚ್ನೆ ಮಾಡ್ಬೇಕಾಗತ್ತೆ," ಎಂದಿದ್ದರು. ಬೇರೆ ಥರ ಎಂದರೆ ಯಾವ ಥರ ಎಂದು ಕೇಳುವ ಅಗತ್ಯವಿರಲಿಲ್ಲ.

ಆ ಮೂರನೆಯವಳು ಫ್ರಾನ್ಸಿನವಳು. ಹೆಸರಘಟ್ಟದ ಕಡೆಯ ಒಂದು ಡೈರಿಯಲ್ಲಿ ಚೀಸ್ ಮಾಡುವುದನ್ನು ಕಲಿಸಲು ಎರಡು ವರ್ಷಕ್ಕೆಂದು ಬಂದವಳು. ಪಾಸ್‌ಪೋರ್ಟಿನಲ್ಲಿ ಹೆಸರಿನ ಮೊದಲ ಅಕ್ಷರ ಎಚ್. ನಾನು ಅದನ್ನು ಓದಿಕೊಂಡು ಏರ್‌ಪೋರ್ಟಿನಲ್ಲಿ "ವೆಲ್‌ಕಮ್, ಹೆಲೆನ್" ಎಂದೆ. ಬ್ಯಾಂಕಿನವರೂ ಹೆಲೆನ್ ಎಂದರು, ಡೈರಿಯವರೂ ಹೆಲೆನ್ ಎಂದರು. ಅವಳು ತೆಳ್ಳಗೆ ನಕ್ಕಳು, ಅಷ್ಟೇ.

ಅಟ್ಟೂರಿನ ಮನೆಗೆ ಕರೆದುಕೊಂಡು ಹೋದ ದಿನ ಓನರಮ್ಮ ಜಗಲಿಯಲ್ಲಿ ನಿಂತಿದ್ದರು. "ಅಮ್ಮ, ಇವ್ರು ಹೆಲೆನ್. ಫ್ರಾನ್ಸಿಂದ ಬಂದಿದಾರೆ. ನಾನು ಹೇಮಾ," ಎಂದು ಪರಿಚಯ ಮಾಡಿದೆ.

"ಬಾವ್ವ ಎಲೆನ್, ಒಳಕ್ ಬಾ. ಜರ್ಮನಿಯೋಳು ಅನ್ನು. ನೀನೂ ಬಾ ಏಮಾ."

ಹೆಲೆನ್ ತಟ್ಟನೆ ಅವರ ಮುಖ ನೋಡಿದಳು. ನನಗೆ ನಾಚಿಕೆಯಾಯಿತು. ಹಳ್ಳಿಯವರು, ಹೆಸರು ಸರಿಯಾಗಿ ಬರುವುದಿಲ್ಲ, ತಪ್ಪು ತಿಳಿಯಬೇಡಿ ಎಂದು ಅವಳ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಓನರಮ್ಮನ ಕಡೆ ತಿರುಗಿ, "ಜರ್ಮನಿ ಅಲ್ಲ ಅಮ್ಮ, ಫ್ರಾನ್ಸು. ಮತ್ತೆ ನಾನು ಏಮಾ ಅಲ್ಲ, ಹೇಮಾ," ಎಂದೆ.

"ಎಲ್ಡೂ ಅಕ್ಕಪಕ್ಕದಲ್ಲೇ ತಾನೆ ಇರೋದು, ಅಟ್ಟೂರು ಯಲಂಕ ಇದ್ದಂಗೆ," ಎಂದರು. ನನ್ನ ಹೆಸರಿನ ವಿಚಾರಕ್ಕೆ ಅವರಿಗೆ ನಿಜಕ್ಕೂ ಏನೂ ಅರ್ಥವಾಗಲಿಲ್ಲ. "ಅದೇ ಅಂದೆ ಕಣವ್ವ, ಏಮಾ."

ಒಂದು ಅಕ್ಷರಕ್ಕೆ ಇಷ್ಟೇಕೆ ತಕರಾರು ಎಂದು ನಿಮಗೆ ಅನ್ನಿಸಬಹುದು. ಯಾರಾದರೂ ಊರು ಕೇಳಿದರೆ ಆಗ ನಾನು ಯಶವಂತಪುರ ಎನ್ನುತ್ತಿದ್ದೆ. ಅದು ಗಂಡನ ಮನೆ. ನಾನು ಹುಟ್ಟಿ ಬೆಳೆದದ್ದು ಅಟ್ಟೂರಿಗೆ ಕೂಗಳತೆಯಲ್ಲಿರುವ ಸಿಂಗಾಪುರದಲ್ಲಿ, ಅದಿನ್ನೂ ಹಳ್ಳಿಯಾಗಿದ್ದಾಗ. ನಮ್ಮ ಮನೆಯಲ್ಲೂ ಹಕಾರವಿರಲಿಲ್ಲ. ಆರನೇ ಕ್ಲಾಸಿಗೆ ಪೇಟೆಯ ಶಾಲೆ ಸೇರಿದಾಗ 'ಅಣ್ಣು', 'ಆಲು' ಎಂದು ಹೇಳಿ ಎಲ್ಲರ ನಗೆಗೀಡಾದೆ. ಹಟ ಹಿಡಿದು ಬಾಯಿಯ ಮುಂದೆ ಅಂಗೈ ಇಟ್ಟುಕೊಂಡು, ಉಸಿರು ತಾಗುವವರೆಗೂ ಹ ಹ ಎಂದು ಅಭ್ಯಾಸ ಮಾಡಿದೆ. ಅಭ್ಯಾಸ ಜಾಸ್ತಿಯಾಗಿ ಹಬ್ಬದ ಮುಂಚಿನ ದಿನ ಮೇಷ್ಟರಿಗೆ, "ಸಾರ್, ನಮ್ಮಜ್ಜಿ ಹಕ್ಕಿ ತೊಳೆದು ನೆನೆ ಹಾಕಿದಾರೆ," ಎಂದುಬಿಟ್ಟೆ. ಮೇಷ್ಟರು, "ಯಾವ ಹಕ್ಕಿನಮ್ಮ, ಗುಬ್ಬೀನಾ ಪಾರಿವಾಳಾನಾ?" ಎಂದರು. ಆ ವರ್ಷ ಪೂರ್ತಿ ನನ್ನ ಹೆಸರು ಹಕ್ಕಿ. ಅಂಥ ಕಷ್ಟಪಟ್ಟು ಸಂಪಾದಿಸಿದ ಅಕ್ಷರವನ್ನು ಈ ಹೆಂಗಸು ಹೀಗೆ ಸಲೀಸಾಗಿ ನುಂಗಿಹಾಕುವುದೇ?

ಓನರಮ್ಮ ಬಾಡಿಗೆಯವರಿಗೆ ಬುದ್ಧಿ ಹೇಳುವ ಕ್ರಮವೇ ಬೇರೆ. ಕಲ್ಲಂಗಡಿ ಹಣ್ಣು ಪರೀಕ್ಷೆ ಮಾಡುವವರ ಹಾಗೆ ಎರಡು ಬೆರಳಿನಿಂದ ಎದುರಿನವರ ಮುಂಗೈ ಮೇಲೆ ತಟ್ಟುತ್ತಾ ಹೇಳುವರು. "ಬೆಳಿಗ್ಗೆ ಕಿಟಕಿ ತೆಗಿ, ಅತ್ಗಂಟೆಗೆ ಮುಚ್ಚು. ಬಿಸ್ಲು ಒಳಕ್ ಬಂದ್ರೆ ನೆಂಟ್ರಂಗೆ, ಸಂಜೆಗಂಟ ಓಗಲ್ಲ." ನನ್ನ ಕೈಪಿಡಿಯಲ್ಲಿ ಬಿಸಿಲಿಗೆ ಹಚ್ಚುವ ಕ್ರೀಮಿನ ಬಗ್ಗೆ ಎರಡು ಪುಟವಿತ್ತು. ಅವರ ಪ್ರಕಾರ, "ಮಟಮಟ ಮದ್ಯಾನ ಬೀದೀಲಿ ತಿರುಗೋದು ಇಬ್ರೇ. ಕತ್ತೆ, ಕಂಪ್ನಿಯೋರು." ಶೂ ಹಾಕಿಕೊಳ್ಳುವ ಮೊದಲು ಎರಡು ಸಲ ಒದರಬೇಕು, "ಒಳಗೆ ಯಾರಾರ ಮಲಗವ್ರಾ ಕೇಳ್ಬೇಕು." ಸಕ್ಕರೆ ಡಬ್ಬಿಯನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟರೆ ಇರುವೆಗೆ ಈಜು ಬರುವುದಿಲ್ಲ. ಬೇಸಿಗೆಯಲ್ಲಿ ಮೂರು ಗಂಟೆಯ ಮೇಲೆ ಆಕಾಶವನ್ನು ನಂಬಬಾರದು, ಬಟ್ಟೆ ಒಳಗೆ ತರಬೇಕು. ಕೊಯ್ದಿಟ್ಟ ಹಣ್ಣು ಬೇಡ, ಇಡೀ ಹಣ್ಣು ತಂದು ಮನೆಯಲ್ಲಿ ಕೊಯ್ದುಕೊಳ್ಳಬೇಕು. "ಯಾರಾರ ಊಟ ಆಯ್ತಾ ಅಂದ್ರೆ ಆಯ್ತು ಅನ್ನು. ಇಲ್ಲ ಅಂದ್ರೆ ಅವ್ರು ಇಕ್ಬೇಕಾಯ್ತದೆ, ನೀನ್ ತಿನ್ಬೇಕಾಯ್ತದೆ, ಇಬ್ರಿಗೂ ತ್ರಾಸು." ಹೆಲೆನ್ ಇದನ್ನು ಕಲಿಯುವ ಹೊತ್ತಿಗೆ ಒಂದೇ ದಿನ ಮೂರು ಮನೆಯಲ್ಲಿ ಮುದ್ದೆ ಉಂಡಾಗಿತ್ತು.

ಇದೆಲ್ಲ ಕನ್ನಡದಲ್ಲೇ, ಅದೂ ಅಟ್ಟೂರಿನ ಕನ್ನಡದಲ್ಲೇ ನಡೆಯುತ್ತಿತ್ತು. ಅವಳು ಕಿವಿಗೆ ಬಿದ್ದ ಶಬ್ದವನ್ನು ನನ್ನ ಕೈಪಿಡಿಯ ಕೊನೆಯ ಪುಟಗಳಲ್ಲಿ ಹುಡುಕಿ ಅರ್ಥ ಮಾಡಿಕೊಳ್ಳುತ್ತಿದ್ದಳು. ಅನಾಹುತ ಆದದ್ದೇ ಅಲ್ಲಿ.

ಅದಕ್ಕೂ ಮೊದಲು ಒಂದು ಸಣ್ಣ ಅನಾಹುತವಾಯಿತು. ಹೆಲೆನ್ ಊರಿನಿಂದ ಒಂದು ತುಂಡು ಹಳೆಯ ಚೀಸ್ ತಂದಿದ್ದಳು. ಅವಳ ಅಪ್ಪ ಮಾಡಿದ್ದಂತೆ. ಮನೆ ನೆನಪಾದಾಗ ಒಂದು ಚೂರು ತಿನ್ನುವುದು, ಮತ್ತೆ ಸುತ್ತಿಡುವುದು. ಓನರಮ್ಮ ಒಂದು ದಿನ ಫ್ರಿಜ್ ತೆಗೆದು, ಮೂಗು ಮುಚ್ಚಿಕೊಂಡು, ಪಾಪದ ಹುಡುಗಿಗೆ ಹೊಟ್ಟೆ ಕೆಟ್ಟೀತೆಂದು ಅದನ್ನು ಹೊರಗೆ ಹಾಕಿದರು. ಬೀದಿ ನಾಯಿಯೂ ಮೂಸಿ ನೋಡಿ ಬಿಟ್ಟು ಹೋಯಿತೆಂಬುದು ಅವರ ವಾದಕ್ಕೆ ಸಾಕ್ಷಿ. ಹೆಲೆನ್ ಅತ್ತಳೆಂದು ಮಗಳು ನನಗೆ ಫೋನು ಮಾಡಿ ಹೇಳಿದಳು.

ನಾಲ್ಕನೆಯ ವಾರ ಹೆಲೆನ್‌ಗೆ ಜ್ವರ ಬಂತು. ರಕ್ತ ಪರೀಕ್ಷೆಯಲ್ಲಿ ಗಾಬರಿಪಡುವಂಥದ್ದೇನೂ ಇರಲಿಲ್ಲ, ಮೂರು ದಿನಕ್ಕೆ ಬಿಟ್ಟಿತು. ಆದರೆ ಶನಿವಾರ ಬೆಳಿಗ್ಗೆ ಅವಳೇ ಫೋನು ಮಾಡಿ, ಟಿಕೆಟ್ ನೋಡುತ್ತಿದ್ದೇನೆ, ನನ್ನ ಕೈಲಾಗುವುದಿಲ್ಲ ಎಂದಳು. ನನ್ನ ಕಣ್ಣ ಮುಂದೆ ಬಾಸಿನ ಮುಖ ಬಂತು. ಸಂಜೆ ಐದಕ್ಕೆ ಅಟ್ಟೂರಿಗೆ ಓಡಿದೆ.

ಮಂಚದ ಮೇಲೆ ಸೂಟ್‌ಕೇಸು ಬಾಯಿ ತೆರೆದುಕೊಂಡಿತ್ತು. ಮನೆ ತುಂಬ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವಿದ್ದಳು. ಬಚ್ಚಲ ಬಾಗಿಲಲ್ಲಿ ಎರಡು ಬಕೆಟ್ ನೀರು, ಅದರಲ್ಲಿ ಬೇವಿನ ಸೊಪ್ಪು ತೇಲುತ್ತಿತ್ತು. ಅವಳ ತೋಳು ನೋಡಲಾಗುತ್ತಿರಲಿಲ್ಲ, ಸೊಳ್ಳೆ ಕಚ್ಚಿ ಕಚ್ಚಿ ಕೆಂಪಗೆ ದದ್ದೆದ್ದಿತ್ತು.

"ನಿಮ್ಮ ಪುಸ್ತಕದಲ್ಲಿ ಇರುವುದನ್ನೆಲ್ಲ ಮಾಡಿದೆ," ಎಂದಳು ಹೆಲೆನ್, ಇಂಗ್ಲಿಷಿನಲ್ಲಿ. "ಅಮ್ಮ ಹೇಳಿದ್ದನ್ನೂ ಮಾಡಿದೆ. ಹದಿನೈದು ದಿನದಿಂದ ದಿನಾ ಸಂಜೆ ಐದೂವರೆಗೆ ಬಟ್ಟೆ ಒಗೆಯುತ್ತಿದ್ದೇನೆ. ಒಗೆದಷ್ಟೂ ಸೊಳ್ಳೆ ಜಾಸ್ತಿಯಾಗುತ್ತಿವೆ."

"ಸೊಳ್ಳೆಗೂ ಬಟ್ಟೆ ಒಗೆಯೋದಕ್ಕೂ ಏನು ಸಂಬಂಧ?" ಎಂದೆ.

"ನನಗೇನು ಗೊತ್ತು? ನಿಮ್ಮ ದೇಶದ ಪದ್ಧತಿ. ಸೊಳ್ಳೆ ಬಂದರೆ ಸಂಜೆ ಒಗೆ ಅಂದರು. ಸೊಪ್ಪನ್ನೂ ತಂದುಕೊಟ್ಟರು. ಕೈಯಲ್ಲಿ ಹೀಗೆ ಮಾಡಿ ತೋರಿಸಿದರು." ಅವಳು ಗಾಳಿಯಲ್ಲಿ ಕೈಯನ್ನು ದುಂಡಗೆ ತಿರುಗಿಸಿ, ಆಮೇಲೆ ಮೇಲಕ್ಕೆತ್ತಿ ತೋರಿಸಿದಳು. ಬಕೆಟ್ಟಿನಲ್ಲಿ ತಿರುವಿ ಹಗ್ಗಕ್ಕೆ ಹಾಕುವ ಹಾಗೆಯೇ ಇತ್ತು.

ಅಷ್ಟರಲ್ಲಿ ಮೆಟ್ಟಿಲಿನ ಕಂಬಿ ಟಣಟಣ ಎಂದಿತು. ಓನರಮ್ಮ ಒಳಗೆ ಬಂದವರೇ ನನ್ನನ್ನು ತರಾಟೆಗೆ ತೆಗೆದುಕೊಂಡರು. "ನೀನಾರ ಏಳವ್ವ ಇವ್ಳಿಗೆ! ಒಬ್ಳಿಗೆ ಎಷ್ಟವ್ವ ಬಟ್ಟೆ? ತೊಳ್ದಿದ್ದೇ ತೊಳೀತಾಳೆ, ಏನ್ ಮಡಿ ಇವ್ಳ್ದು! ನಾನು ಬಾಯ್ ಬಡ್ಕೊಂಡೆ, ಸಂಜೆ ಆದ್ರೆ ಒಗೆ ಆಕು, ಒಗೆ ಆಕು ಅಂತ. ಬೇವಿನ್ ಸೊಪ್ಪೂ ತಂದಿಟ್ಟೆ. ಆಕಲ್ಲ. ನೀರಲ್ ನೆನ್ಸವ್ಳೆ!"

ಅವರ ಬಾಯಿಯಿಂದ ಆ ಮಾತು ಬಿದ್ದದ್ದೇ ತಡ, ನನಗೆ ಸಿಂಗಾಪುರದ ನಮ್ಮ ಹಟ್ಟಿ, ಸಂಜೆ ಹಸುಗಳ ಮುಂದೆ ಬೇವಿನ ಸೊಪ್ಪು ಹಾಕಿ ಎಬ್ಬಿಸುತ್ತಿದ್ದ ದಟ್ಟ ಹೊಗೆ, ಕಣ್ಣುಜ್ಜಿಕೊಳ್ಳುತ್ತಿದ್ದ ಅಜ್ಜಿ, ಎಲ್ಲ ಒಟ್ಟಿಗೆ ಕಂಡವು. ಹದಿನೈದು ದಿನ ಈ ಹುಡುಗಿ ಹೊಗೆ ಹಾಕುವ ಬದಲು ಬಟ್ಟೆ ಒಗೆದಿದ್ದಳು! ಕೈಪಿಡಿಯಲ್ಲಿ 'ಹೊಗೆ' ಇತ್ತು, 'ಒಗೆ'ಯೂ ಇತ್ತು. ಅವಳ ಕಿವಿಗೆ ಬಿದ್ದದ್ದನ್ನು ಅವಳು ಸರಿಯಾಗಿಯೇ ಹುಡುಕಿಕೊಂಡಿದ್ದಳು. ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಗೋಡೆಗೊರಗಿದೆ. "ಅಯ್ಯೋ, ಅದು ಒಗೆ ಅಲ್ಲ ಎಲೆನ್, ಒಗೆ!" ಎಂದೆ. ಸರಿಪಡಿಸಲು ಮತ್ತೆ ಬಾಯಿ ತೆರೆದೆ. "ಒಗೆ ಅಲ್ಲ, ಒಗೆ!"

ಅಂಗೈ ಮುಂದೆ ಹಿಡಿದು ಉಸಿರುಗಟ್ಟಿ ಕಲಿತ ಹಕಾರ ನಗುವಿನಲ್ಲಿ ಕೊಚ್ಚಿಕೊಂಡು ಹೋಗಿತ್ತು.

ಓನರಮ್ಮ ಲೋಟ ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದರು. "ಯಾವೂರವ್ವ ನಿಂದು?"

"ಯಶವಂತಪುರ," ಎಂದೆ, ಕಣ್ಣೊರೆಸಿಕೊಳ್ಳುತ್ತಾ.

"ಅದು ರೈಲ್ವೆ ಟೇಸನ್ನು. ಉಟ್ಟಿದ್ದೆಲ್ಲಿ?"

ಇನ್ನು ಬಚ್ಚಿಡುವುದಕ್ಕೆ ಏನಿತ್ತು? "ಸಿಂಗಾಪುರ," ಎಂದೆ.

ಹೆಲೆನ್ ಕಣ್ಣರಳಿಸಿದಳು. "ಹಾಗಾದರೆ ನೀವೂ ವಿದೇಶದವರೇ?"

ಓನರಮ್ಮನಿಗೆ ಅವಳ ಇಂಗ್ಲಿಷ್ ಅರ್ಥವಾಗದಿದ್ದರೂ ನಗು ಅರ್ಥವಾಯಿತು. ಮೂವರೂ ಒದ್ದೆ ಬಟ್ಟೆಗಳ ನಡುವೆ ನಿಂತು ನಕ್ಕೆವು. ನಗು ನಿಂತ ಮೇಲೆ ಅವಳು ಇನ್ನೊಂದು ಮಾತು ಹೇಳಿದಳು. "ಇವತ್ತು ನೀವು ನನ್ನ ಹೆಸರನ್ನು ಸರಿಯಾಗಿ ಹೇಳಿದಿರಿ. ನಮ್ಮ ಭಾಷೆಯಲ್ಲಿ ಎಚ್ ಬರೆಯುತ್ತೇವೆ, ಉಚ್ಚರಿಸುವುದಿಲ್ಲ. ನಾನು ಎಲೆನ್. ಈ ಊರಿಗೆ ಬಂದ ಮೇಲೆ ನನ್ನನ್ನು ನನ್ನ ಹೆಸರಿನಿಂದ ಕರೆದವರು ಅಮ್ಮ ಒಬ್ಬರೇ."

ನಾನು ತಪ್ಪು ತಿಳಿಯಬೇಡಿ ಎಂದು ಕ್ಷಮೆ ಕೇಳಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ಅವಳು ಹೇಳಿದ್ದನ್ನು ಓನರಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. "ಅಂಗಾರೆ ಅವ್ರ ಜರ್ಮನಿಯೋರು ನಮ್ಮಂಗೇ ಸರ್ಯಾಗೇ ಮಾತಾಡ್ತಾರೆ," ಎಂದರು.

ಆ ಸಂಜೆ ನಾವು ಬಕೆಟ್ಟುಗಳನ್ನು ಸೀಬೆ ಮರದ ಬುಡಕ್ಕೆ ಚೆಲ್ಲಿದೆವು. ಓನರಮ್ಮ ಒಡೆದ ಮಡಕೆಯೊಂದರಲ್ಲಿ ಕೆಂಡ ಹಾಕಿ, ಅರ್ಧ ಒಣಗಿದ ಬೇವಿನ ಸೊಪ್ಪು ಉದುರಿಸಿ, ಮನೆಯ ಸುತ್ತ ಹೊಗೆ ಹಿಡಿದರು. ನಾವು ಮೂವರೂ ಕೆಮ್ಮಿದೆವು, ಸೊಳ್ಳೆಗಳು ಪಕ್ಕದ ಮನೆಗೆ ಹೋದವು. ಚೀಸ್ ವಿಷಯವನ್ನೂ ನಾನು ಬಿಡಿಸಿ ಹೇಳಿದೆ. ಅದು ಅವಳ ಅಪ್ಪನ ಕೈಯದು ಎಂದು ಗೊತ್ತಾದಾಗ ಓನರಮ್ಮನ ಮುಖ ಸಣ್ಣದಾಯಿತು. ಎದ್ದು ಹಸುವಿನ ಕಡೆ ಹೋದರು. ಮರುದಿನ ಬೆಳಿಗ್ಗೆ ಕರೆದ ಹಾಲನ್ನು ಪಾತ್ರೆ ಸಮೇತ ಮೇಲೆ ಹೊತ್ತು ತಂದು ಅವಳ ಮುಂದೆ ಇಟ್ಟರಂತೆ. "ತಗೊ, ಕೆಡ್ಸು. ಎಷ್ಟ್ ಬೇಕೋ ಅಷ್ಟ್ ಕೆಡ್ಸು," ಎಂದರಂತೆ. ಎಲೆನ್ ಸೂಟ್‌ಕೇಸ್ ಖಾಲಿ ಮಾಡಿ ಆ ಹಾಲಿಗೆ ಕೈ ಹಾಕಿದಳು. ಎರಡು ವರ್ಷಕ್ಕೆಂದು ಬಂದವಳು ಮೂರು ವರ್ಷ ಇದ್ದಳು.

ಆ ಮೂರು ವರ್ಷದಲ್ಲಿ ಅವಳ ಕನ್ನಡ ಪೂರ್ತಿ ಅಟ್ಟೂರಿನದಾಯಿತು. ವಿದೇಶಿಯರು ನೋಂದಣಿ ಮಾಡಿಸುವ ಕಚೇರಿಗೆ ಹೋದಾಗ, ನಾನು ಬಾಯಿ ತೆರೆಯುವ ಮುಂಚೆಯೇ ಅಲ್ಲಿನ ಅಧಿಕಾರಿಗೆ, "ಎಂಗಿದೀರಾ ಸಾರ್? ಒಟ್ಟೆಗೇನಾರ ತಿಂದ್ರಾ?" ಎಂದಳು. ಆತ ತಲೆಯೆತ್ತಿ ಅವಳನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಅವಳನ್ನು ನೋಡಿದ. "ನಮ್ಮಮ್ಮ ಮಾತಾಡ್ದಂಗಾಯ್ತಲ್ರೀ," ಎಂದು ಎದ್ದು ಕುರ್ಚಿ ಕೊಟ್ಟ. ನನಗೆ ಆ ಕಚೇರಿಯಲ್ಲಿ ಅದುವರೆಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ.

ನಾನು ಕೈಪಿಡಿಯನ್ನು ಹೊಸದಾಗಿ ಬರೆದೆ. ನಲವತ್ತು ಪುಟ ಹನ್ನೊಂದಕ್ಕಿಳಿಯಿತು. ಕ್ರೀಮಿನ ಎರಡು ಪುಟ ಹೋಗಿ ಕಿಟಕಿಯ ಎರಡು ಸಾಲು ಬಂತು. ಪದಗಳ ಪಟ್ಟಿಯಲ್ಲಿ 'ಹೊಗೆ'ಯ ಎದುರು, ಈ ಕಡೆಯ ಊರುಗಳಲ್ಲಿ ಒಗೆ ಎಂದು ಕೇಳಿಸಬಹುದು, ಬಟ್ಟೆಗೆ ಕೈ ಹಾಕುವ ಮುನ್ನ ಯಾರನ್ನಾದರೂ ಕೇಳಿ ಎಂದು ಸೇರಿಸಿದೆ. ಬಾಸು ಓದಿ, "ಇದಕ್ಕೆಲ್ಲ ಸೋರ್ಸ್ ಯಾವ್ದು ಹೇಮಾ?" ಎಂದರು. "ಅಟ್ಟೂರು," ಎಂದೆ. ಆಮೇಲೆ ಬಂದವರಲ್ಲಿ ಅರ್ಧಕ್ಕೆ ಎದ್ದು ಹೋದವರು ಕಡಿಮೆ.

ಓನರಮ್ಮನ ಜೊತೆ ನನ್ನ ಜಗಳ ಮಾತ್ರ ನಿಲ್ಲಲಿಲ್ಲ. ಅದೊಂದು ಆಟವೇ ಆಗಿಹೋಯಿತು. ಗೇಟು ತೆಗೆದ ತಕ್ಷಣ, "ಬಾ ಏಮಾ," ಎನ್ನುವರು. ನಾನು ಚಪ್ಪಲಿ ಬಿಡುತ್ತಾ, "ಏಮಾ ಅಲ್ಲಮ್ಮ, ಹೇಮಾ," ಎನ್ನುವುದು. ಅವರು ಅಷ್ಟೇ ಗಂಭೀರವಾಗಿ ಅದೇ ಉತ್ತರ ಕೊಡುವುದು. ಎಲೆನ್ ಮೆಟ್ಟಿಲ ಮೇಲೆ ನಿಂತು ನಗುವುದು. ಅವಳು ಊರಿಗೆ ಹೋದ ಮೇಲೂ ನಾವಿಬ್ಬರು ಇದನ್ನು ಬಿಡಲಿಲ್ಲ. ಒಂದು ಸಲ ಬೇಕೆಂದೇ ನಾನು ತಿದ್ದದೆ ಒಳಗೆ ಹೋದೆ. ಅವರು ಬಾಗಿಲಲ್ಲೇ ನಿಂತು, "ಯಾಕವ್ವ, ಉಸಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದರು.

ಹೆಬ್ಬಾಳದಿಂದ ಅಂದು ನಾನು ಕೊರಿಯಾದವನನ್ನು ಅವನ ಮನೆಗೆ ಬಿಟ್ಟು ನೇರ ಅಟ್ಟೂರಿಗೆ ಹೋದೆ. ಜಗಲಿಯಲ್ಲಿ ಅವರನ್ನು ಮಲಗಿಸಿದ್ದರು. ಬೆಳಗಿನ ಸ್ವೆಟರು ಇನ್ನೂ ಮೈಮೇಲಿತ್ತು. ಗೇಟು ತೆಗೆದಾಗ ಯಾರೂ ನನ್ನನ್ನು ಕರೆಯಲಿಲ್ಲ. ಮಗಳಿಗೂ ನಾನು ಬರೀ ಅಕ್ಕ. ಅಷ್ಟೂ ಹೊತ್ತು ಗಟ್ಟಿಯಾಗಿದ್ದವಳಿಗೆ ಚಪ್ಪಲಿ ಬಿಡುವಾಗ ಅಳು ಬಂತು. ನನ್ನನ್ನು ಸರಿಯಾದ ಹೆಸರಿನಿಂದ ಕರೆಯಲು ಊರು ತುಂಬ ಜನ ಇದ್ದಾರೆ. ಅವರು ಕರೆಯುತ್ತಿದ್ದ ಹೆಸರು ಅವರೊಂದಿಗೇ ಹೋಯಿತು ಎಂದುಕೊಂಡೆ.

ಎಲೆನ್‌ಗೆ ಮೆಸೇಜು ಹಾಕಿದ್ದೆ. ಮಣ್ಣು ಮಾಡಿ ಬಂದು ಸೀಬೆ ಮರದ ಕೆಳಗೆ ಕೂತಿದ್ದಾಗ ಫೋನು ಬಂತು. ವಿಡಿಯೋದಲ್ಲಿ ಅವಳ ಹಿಂದೆ ಅವರ ಊರಿನ ಕೊಟ್ಟಿಗೆ, ಹಸುಗಳು. ಅತ್ತು ಕೆಂಪಾದ ಕಣ್ಣು.

"ಏಮಾ," ಎಂದಳು.

ನನಗೆ ಏನನ್ನಿಸಿತೋ, ರೂಢಿಬಲದಿಂದ ಬಾಯಿಗೆ ಬಂದೇ ಬಿಟ್ಟಿತು. "ಏಮಾ ಅಲ್ಲ, ಹೇಮಾ."

ಅವಳು ಮೂಗೊರೆಸಿಕೊಂಡು, ಒಂದಿಷ್ಟೂ ನಗದೆ, ಥೇಟ್ ಅವರ ಹಾಗೆಯೇ ಹೇಳಿದಳು: "ಅದೇ ಅಂದೆ ಕಣವ್ವ, ಏಮಾ."